ಕಾಂಟ್ ಹೇಳಿದ ಕರ್ತವ್ಯ ಆಜ್ಞಾಪಾಲನೆಯಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದ ಅಂಕಣವು ಕರ್ತವ್ಯವನ್ನು ಆಧಾರವಾಗಿಟ್ಟುಕೊಂಡ ನೀತಿಶಾಸ್ತ್ರವನ್ನು ‘ಹೇಳಿದ್ದನ್ನು ಮಾಡು, ಫಲದ ಚಿಂತೆ ಬಿಡು’ ಎಂಬ ಒಂದು ಸಾಲಿಗೆ ಇಳಿಸಿ, ಇದು ಆಜ್ಞೆ ಪಾಲಿಸುವವರಿಗೆ ಒಪ್ಪುವ, ಯೋಚಿಸುವವರಿಗೆ ಒಪ್ಪದ ಸಿದ್ಧಾಂತವೆಂದು ತೀರ್ಮಾನಿಸಿದೆ. ಈ ಸಿದ್ಧಾಂತದ ಪ್ರಮುಖ ಪ್ರತಿಪಾದಕನಾದ ಜರ್ಮನ್ ತತ್ತ್ವಜ್ಞ ಇಮ್ಯಾನುಯೆಲ್ ಕಾಂಟ್ ಹೇಳಿದ್ದು ಹೆಚ್ಚುಕಡಿಮೆ ಇದಕ್ಕೆ ವಿರುದ್ಧವಾದ ಮಾತು. ಕಾಲೇಜಿನಲ್ಲಿ ಈ ವಿಷಯವನ್ನು ಪಾಠ ಮಾಡಿದವನಾದ್ದರಿಂದ ಸುಮ್ಮನಿರಲಾಗದೆ ಬರೆಯುತ್ತಿದ್ದೇನೆ.

1724ರಲ್ಲಿ ಕೋನಿಗ್ಸ್‌ಬರ್ಗ್‌ನಲ್ಲಿ (ಅದು ಈಗ ರಷ್ಯಾದ ಕಲಿನಿನ್‌ಗ್ರಾಡ್) ಜನಿಸಿದ ಕಾಂಟ್ 1785ರಲ್ಲಿ ನೀತಿಯ ತಳಹದಿಯನ್ನು ಕುರಿತ ಪುಟ್ಟ ಗ್ರಂಥವೊಂದನ್ನು ಹೊರತಂದರು. ಯಾವ ಷರತ್ತೂ ಇಲ್ಲದೆ ಒಳ್ಳೆಯದೆನ್ನಬಹುದಾದದ್ದು ಸತ್ಸಂಕಲ್ಪವೊಂದೇ ಎಂಬುದು ಅದರ ಆರಂಭದ ಮಾತು. ಬುದ್ಧಿ, ಧೈರ್ಯ, ಸಂಪತ್ತುಗಳೆಲ್ಲ ಕೆಟ್ಟ ಕೈಗೆ ಸಿಕ್ಕರೆ ಕೆಡುಕನ್ನೇ ಮಾಡುತ್ತವೆ. ದುಷ್ಟನಿಗೆ ಶಾಂತಚಿತ್ತವೂ ಇದ್ದರೆ ಅವನು ಇನ್ನಷ್ಟು ಅಪಾಯಕಾರಿ. ಅಂಗಡಿಯವನೊಬ್ಬ ಲೋಕ ತಿಳಿಯದ ಮಗುವಿಗೂ ಸರಿಯಾದ ಬೆಲೆಗೇ ಸಾಮಾನು ಕೊಡುತ್ತಾನೆ ಎಂದುಕೊಳ್ಳಿ. ಹೆಸರು ಕೆಟ್ಟರೆ ವ್ಯಾಪಾರ ಕೆಡುತ್ತದೆಂಬ ಲೆಕ್ಕದಿಂದ ಹಾಗೆ ಮಾಡಿದರೆ ಅವನ ನಡತೆ ಕರ್ತವ್ಯಕ್ಕೆ ಹೊಂದುತ್ತದೆ, ಆದರೆ ಕರ್ತವ್ಯಪ್ರಜ್ಞೆಯಿಂದ ಹುಟ್ಟಿದ್ದಲ್ಲ. ಮೋಸ ಸಲ್ಲದು ಎಂಬ ಕಾರಣಕ್ಕೇ ಮೋಸ ಮಾಡದಿದ್ದರೆ ಮಾತ್ರ ಆ ನಡತೆಗೆ ನೈತಿಕ ಮೌಲ್ಯವಿದೆ.

ಮೋಸ ಸಲ್ಲದೆಂದು ತಿಳಿಯುವುದು ಹೇಗೆ? ‘ಗಿರಾಕಿ ಬೇಕಿದ್ದರೆ ಮೋಸ ಮಾಡಬೇಡ’ ಎಂಬುದು ಷರತ್ತಿಗೆ ಒಳಪಟ್ಟ ವಿಧಿ. ಗಿರಾಕಿ ಬೇಡದವನನ್ನು ಅದು ಕಟ್ಟಿಹಾಕದು. ನೀತಿಯ ವಿಧಿಗೆ ಅಂಥ ಷರತ್ತು ಇರುವುದಿಲ್ಲ. ನಾನು ಯಾವ ತತ್ತ್ವವನ್ನು ಹಿಡಿದು ನಡೆಯುತ್ತೇನೋ ಅದು ಎಲ್ಲರಿಗೂ ಅನ್ವಯಿಸುವ ನಿಯಮವಾಗಲಿ ಎಂದು ವಿರೋಧಾಭಾಸವಿಲ್ಲದೆ ಬಯಸಬಲ್ಲೆನೇ ಎಂದು ಕೇಳಿಕೊಳ್ಳಬೇಕು. ತೀರಿಸಲಾರೆನೆಂದು ತಿಳಿದೂ ತೀರಿಸುತ್ತೇನೆಂದು ಮಾತು ಕೊಟ್ಟು ಸಾಲ ಕೇಳುವವನ ತತ್ತ್ವವನ್ನು ಎಲ್ಲರ ನಿಯಮವಾಗಿಸಿದರೆ, ಅಂಥ ಮಾತನ್ನು ನಂಬುವವರೇ ಇರದೆ ‘ಮಾತು ಕೊಡುವುದು’ ಎಂಬುದೇ ಅರ್ಥ ಕಳೆದುಕೊಳ್ಳುತ್ತದೆ. ಅಂಕಣಕಾರರು ಎಡವಿರುವುದು ಇಲ್ಲಿಯೇ. ‘ಎಲ್ಲರೂ ಹೀಗೆ ಮಾಡಿದರೆ ಸಮಾಜದ ಗತಿಯೇನು’ ಎಂಬ ಫಲದ ಪ್ರಶ್ನೆ ಇದಲ್ಲ. ಉಳಿದವರೆಲ್ಲ ನಿಯಮಕ್ಕೆ ಬದ್ಧರಾಗಿರಲಿ, ನನಗೊಬ್ಬನಿಗೆ ಮಾತ್ರ ವಿನಾಯಿತಿ ಇರಲಿ ಎಂಬ ಒಳಗಿನ ಅಸಂಗತಿಯನ್ನು ಈ ಪರೀಕ್ಷೆ ಬಯಲಿಗೆಳೆಯುತ್ತದೆ.

ಪರೀಕ್ಷೆ ನಡೆಸುವವನೂ ನಿಯಮ ವಿಧಿಸಿಕೊಳ್ಳುವವನೂ ಆ ವ್ಯಕ್ತಿಯೇ. ಅರಸನಾಗಲಿ ಮೇಲಧಿಕಾರಿಯಾಗಲಿ ಶಾಸ್ತ್ರವಾಗಲಿ ಹೇಳಿತೆಂಬುದಷ್ಟೇ ಒಂದು ಕೆಲಸವನ್ನು ಕರ್ತವ್ಯವಾಗಿಸದು. ‘ಕರ್ಮಣ್ಯೇವಾಧಿಕಾರಸ್ತೇ’ ಎಂಬ ಗೀತೆಯ ಮಾತನ್ನೇ ಕಾಂಟ್ ಹೇಳಿದರೆಂಬ ಹೋಲಿಕೆ ನಮ್ಮಲ್ಲಿ ರೂಢಿಯಾಗಿದೆ. ಅಂಕಣಕಾರರೂ ಅದನ್ನು ಬಳಸಿದ್ದಾರೆ. ಫಲದ ಆಸೆ ಪ್ರೇರಣೆಯಾಗಬಾರದೆಂಬ ಅಂಶದಲ್ಲಿ ಹೋಲಿಕೆ ಇದೆ, ನಿಜ. ಆದರೆ ಎರಡನೆಯ ಅಧ್ಯಾಯದಲ್ಲಿ ಅರ್ಜುನನಿಗೆ ಕೊಟ್ಟ ಕಾರಣಗಳಲ್ಲಿ ಅವನು ಕ್ಷತ್ರಿಯ, ಯುದ್ಧ ಅವನ ಸ್ವಧರ್ಮ ಎಂಬುದು ಮುಖ್ಯವಾದದ್ದು. ಕಾಂಟ್‌ರ ಪರೀಕ್ಷೆ ಯಾರ ಹುಟ್ಟನ್ನೂ ಕೇಳುವುದಿಲ್ಲ. ವಿವೇಚನೆಯುಳ್ಳ ಎಲ್ಲರಿಗೂ ಅದು ಒಂದೇ. ಈ ವ್ಯತ್ಯಾಸವನ್ನು ಮರೆಸುವ ಹೋಲಿಕೆಯಿಂದ ಎರಡಕ್ಕೂ ಅನ್ಯಾಯವಾಗುತ್ತದೆ.

ಕರ್ತವ್ಯವನ್ನು ಆಜ್ಞಾಪಾಲನೆಯೆಂದು ತಿಳಿದದ್ದರ ಅತ್ಯಂತ ಭೀಕರ ಉದಾಹರಣೆ 1961ರಲ್ಲಿ ಜೆರುಸಲೇಮಿನಲ್ಲಿ ವಿಚಾರಣೆಗೆ ಒಳಗಾದ ನಾಜಿ ಅಧಿಕಾರಿ ಅಡಾಲ್ಫ್ ಐಕ್‌ಮನ್. ಲಕ್ಷಾಂತರ ಯಹೂದಿಯರನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ಮಾಡಿದ ಈತ, ತಾನು ಕಾಂಟ್‌ರ ಕರ್ತವ್ಯದ ಕಲ್ಪನೆಯಂತೆ ಬದುಕಿದವನೆಂದು ಹೇಳಿಕೊಂಡ. ನ್ಯಾಯಾಧೀಶರು ಪ್ರಶ್ನಿಸಿದಾಗ ಕಾಂಟ್‌ರ ನೀತಿಯ ವಿಧಿಯನ್ನು ಬಹುಮಟ್ಟಿಗೆ ಸರಿಯಾಗಿಯೇ ವಿವರಿಸಿದನಾದರೂ, ಯಹೂದಿಯರ ನಿರ್ಮೂಲನೆಯ ಕೆಲಸ ತನಗೆ ವಹಿಸಿದ ಮೇಲೆ ಅದರಂತೆ ಬದುಕುವುದನ್ನು ಬಿಟ್ಟೆನೆಂದು ಒಪ್ಪಿಕೊಂಡ.

ಅಂಕಣಕಾರರ ಪರವಾಗಿಯೂ ಒಂದು ಮಾತು ಹೇಳಬೇಕು. ರಾಜ್ಯದ ವಿಷಯ ಬಂದಾಗ ಕಾಂಟ್ ವಿಧೇಯತೆಯನ್ನು ಬಹಳವಾಗಿಯೇ ಒತ್ತಿಹೇಳಿದರು. 1784ರ ಪ್ರಬಂಧದಲ್ಲಿ, ಸೇನಾಧಿಕಾರಿ ಕೆಲಸದಲ್ಲಿರುವಾಗ ಆಜ್ಞೆಯನ್ನು ಪಾಲಿಸಲಿ, ವಿದ್ವಾಂಸನಾಗಿ ಅದರ ದೋಷಗಳನ್ನು ಬಹಿರಂಗವಾಗಿ ವಿಮರ್ಶಿಸಲಿ ಎಂದರು. ಧರ್ಮದ ಬಗೆಗಿನ ಬರಹಗಳಿಗಾಗಿ 1794ರಲ್ಲಿ ಅವರ ನಾಡಾದ ಪ್ರಷ್ಯದ ದೊರೆ ಆಕ್ಷೇಪಿಸಿದಾಗ, ‘ತಮ್ಮ ನಿಷ್ಠಾವಂತ ಪ್ರಜೆಯಾಗಿ’ ಇನ್ನು ಆ ವಿಷಯ ಬರೆಯುವುದಿಲ್ಲವೆಂದು ಮಾತು ಕೊಟ್ಟರು. 1797ರಲ್ಲಿ ಆ ದೊರೆ ತೀರಿಕೊಂಡ ಮೇಲೆ, ಆ ಮಾತು ಆತನ ಆಯುಷ್ಯಕ್ಕಷ್ಟೇ ಸೀಮಿತವೆಂದು ಮತ್ತೆ ಬರೆದರು. (ಸತ್ಯದ ವಿಷಯದಲ್ಲಿ ತೀರಾ ಕಟ್ಟುನಿಟ್ಟಿನ ಮನುಷ್ಯ ಪದಗಳನ್ನು ಎಷ್ಟು ಜಾಣತನದಿಂದ ಜೋಡಿಸಿದ್ದರು ನೋಡಿ.) ಆದರೂ ಸ್ವತಃ ಕೆಟ್ಟದ್ದಾದ ಕೆಲಸವನ್ನು ಮನುಷ್ಯರು ಆಜ್ಞಾಪಿಸಿದರೆ ಪಾಲಿಸಬಾರದು ಎಂದು ಅವರು 1793ರಲ್ಲಿಯೇ ಸ್ಪಷ್ಟವಾಗಿ ಬರೆದಿದ್ದರು.

ಅಂಕಣದಲ್ಲಿ ಪ್ರಸ್ತಾಪವೇ ಆಗದಿರುವುದು ಕಾಂಟ್‌ರ ನೀತಿಯ ವಿಧಿಯ ಇನ್ನೊಂದು ರೂಪ. ನಿನ್ನಲ್ಲಿಯೂ ಇತರರಲ್ಲಿಯೂ ಇರುವ ಮನುಷ್ಯತ್ವವನ್ನು ಎಂದೂ ಬರಿಯ ಸಾಧನವಾಗಿ ಬಳಸದೆ, ಯಾವಾಗಲೂ ಸ್ವತಃ ಗುರಿಯಾಗಿಯೂ ಕಾಣಬೇಕು ಎಂಬುದು ಅದರ ಸಾರ. ‘ಬರಿಯ’ ಎಂಬುದನ್ನು ಗಮನಿಸಬೇಕು. ಬಸ್ಸಿನ ಚಾಲಕನಿಂದ ನಾವು ಸೇವೆ ಪಡೆಯುವುದರಲ್ಲಿ ತಪ್ಪೇನಿಲ್ಲ. ಬೆಲೆಯುಳ್ಳ ವಸ್ತುವಿನ ಜಾಗದಲ್ಲಿ ಸಮಾನ ಬೆಲೆಯ ಇನ್ನೊಂದನ್ನು ಇಡಬಹುದು. ಮನುಷ್ಯನಿಗೆ ಇರುವುದು ಬೆಲೆಯಲ್ಲ, ಘನತೆ, ಅದಕ್ಕೆ ಬದಲಿಯಿಲ್ಲ.

ಈ ಮಾತು ಗ್ರಂಥದಿಂದಾಚೆ ಎಷ್ಟು ದೂರ ಹೋಗುತ್ತದೆಂಬುದಕ್ಕೆ ಜರ್ಮನಿಯ ಒಂದು ತೀರ್ಪು ಸಾಕ್ಷಿ. 2001ರ ಸೆಪ್ಟೆಂಬರ್ ದಾಳಿಯ ನಂತರ, ಅಪಹರಣಕಾರರು ವಿಮಾನವನ್ನೇ ಆಯುಧವಾಗಿಸಿಕೊಂಡು ನೆಲದ ಮೇಲಿನ ಜನರತ್ತ ನುಗ್ಗಿಸುವುದು ಖಚಿತವಾದರೆ, ಬೇರೆ ದಾರಿಯೇ ಇಲ್ಲದಾಗ ಅದನ್ನು ಹೊಡೆದುರುಳಿಸಬಹುದೆಂಬ ಕಾಯ್ದೆ ಅಲ್ಲಿ 2005ರಲ್ಲಿ ಜಾರಿಗೆ ಬಂತು. ನೂರಾರು ಪ್ರಯಾಣಿಕರ ಎದುರು ಸಾವಿರಾರು ಜನ. ಮೇಲಾಗಿ ಪ್ರಯಾಣಿಕರು ಹೇಗೂ ಕೆಲವೇ ನಿಮಿಷಗಳಲ್ಲಿ ಸಾಯಲಿರುವವರು. ಫಲವನ್ನಷ್ಟೇ ತೂಗುವವರಿಗೆ ಲೆಕ್ಕ ಸುಲಭ. ಆದರೆ 2006ರ ಫೆಬ್ರುವರಿ 15ರಂದು ಸಂವಿಧಾನ ನ್ಯಾಯಾಲಯ ಆ ಅಧಿಕಾರವನ್ನು ರದ್ದುಪಡಿಸಿತು. ಸೇನಾಬಲದ ಬಳಕೆಗೆ ಸಂಬಂಧಿಸಿದ ಸಾಂವಿಧಾನಿಕ ಅಡ್ಡಿಯ ಜೊತೆಗೆ ನ್ಯಾಯಾಲಯ ಎತ್ತಿಹಿಡಿದದ್ದು ಮನುಷ್ಯನ ಘನತೆಯನ್ನು ಕಾಪಾಡುವ ಸಂವಿಧಾನದ ಮೊದಲ ವಿಧಿಯನ್ನು: ನಿರಪರಾಧಿ ಪ್ರಯಾಣಿಕರನ್ನು ಇತರರ ರಕ್ಷಣೆಯ ಸಾಧನವಾಗಿ ಕೊಲ್ಲುವ ಸರ್ಕಾರ ಅವರನ್ನು ಬರಿಯ ವಸ್ತುಗಳಂತೆ ಕಾಣುತ್ತದೆ, ಉಳಿದ ಆಯುಷ್ಯ ಎಷ್ಟೇ ಇರಲಿ, ಅವರ ಘನತೆ ಅಷ್ಟೇ ಇರುತ್ತದೆ. ವಿಮಾನದಲ್ಲಿ ದಾಳಿಕೋರರು ಮಾತ್ರ ಇದ್ದರೆ ಈ ಅಡ್ಡಿ ಇಲ್ಲವೆಂದೂ ಅದು ಹೇಳಿತು, ಏಕೆಂದರೆ ಅವರು ತಾವೇ ಆರಿಸಿಕೊಂಡ ಕೃತ್ಯದ ಪರಿಣಾಮವನ್ನು ಎದುರಿಸುತ್ತಾರೆ. ಮರುವರ್ಷವೇ ಅಲ್ಲಿನ ರಕ್ಷಣಾ ಸಚಿವರು ತಾವಾದರೆ ಅಂಥ ವಿಮಾನವನ್ನು ಹೊಡೆಯಲು ಆದೇಶಿಸುತ್ತೇವೆಂದು ಹೇಳಿ ದೊಡ್ಡ ವಿವಾದ ಎಬ್ಬಿಸಿದರು. ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ, ಆದರೆ ಅದನ್ನು ಒಪ್ಪದವರನ್ನು ನೀತಿಗೇಡಿಗಳೆನ್ನಲಾರೆ.

ಹಾಗೆಂದು ಕಾಂಟ್ ಹೇಳಿದ್ದೆಲ್ಲವೂ ಒಪ್ಪತಕ್ಕದ್ದಲ್ಲ. ಮನೆಯಲ್ಲಿ ಅಡಗಿರುವ ಗೆಳೆಯನನ್ನು ಹುಡುಕಿ ಬಂದ ಕೊಲೆಗಾರನಿಗೂ ಸುಳ್ಳು ಹೇಳಬಾರದೆಂದು, ಫ್ರೆಂಚ್ ಲೇಖಕ ಬೆಂಜಮಿನ್ ಕಾನ್ಸ್ಟಂಟ್‌ಗೆ 1797ರಲ್ಲಿ ಉತ್ತರವಾಗಿ ಬರೆದ ಪ್ರಬಂಧದಲ್ಲಿ ಅವರು ವಾದಿಸಿದರು. ಇದನ್ನು ನಾನು ಒಪ್ಪಲಾರೆ. ಆದರೆ ಇದನ್ನು ತಿದ್ದಲು ಕರ್ತವ್ಯವಾದವನ್ನೇ ಕೈಬಿಡಬೇಕಿಲ್ಲ. ಬ್ರಿಟನ್ನಿನ ತತ್ತ್ವಜ್ಞ ಡಬ್ಲ್ಯೂ. ಡಿ. ರಾಸ್ 1930ರಲ್ಲಿ ತೋರಿಸಿದಂತೆ, ಕೊಟ್ಟ ಮಾತನ್ನು ನಡೆಸುವುದು, ಮಾಡಿದ ಹಾನಿಗೆ ಪರಿಹಾರ ಕೊಡುವುದು, ಕೃತಜ್ಞತೆ, ನ್ಯಾಯ, ಪರೋಪಕಾರ, ಯಾರಿಗೂ ಕೇಡು ಮಾಡದಿರುವುದು ಇವೆಲ್ಲವೂ ಮೇಲ್ನೋಟಕ್ಕೆ ನಮ್ಮನ್ನು ಬಂಧಿಸುವ ಕರ್ತವ್ಯಗಳು. ಅವು ಪರಸ್ಪರ ಎದುರಾದಾಗ ಆ ಸಂದರ್ಭದಲ್ಲಿ ಯಾವುದರ ತೂಕ ಹೆಚ್ಚೆಂದು ವಿವೇಚಿಸಿ ನಿರ್ಧರಿಸಬೇಕು, ಅದಕ್ಕೆ ಸಿದ್ಧಸೂತ್ರವಿಲ್ಲ. ಅಪಘಾತ ತಪ್ಪಿಸಲು ನಿಂತು ಗೆಳೆಯನ ಭೇಟಿ ತಪ್ಪಿಸಿದವನು ತಪ್ಪು ಮಾಡಲಿಲ್ಲ, ಆದರೆ ಮುರಿದ ಮಾತಿಗೆ ಗೆಳೆಯನಿಗೆ ಸಮಾಧಾನ ಹೇಳುವ ಹೊಣೆ ಅವನ ಮೇಲೆ ಉಳಿಯುತ್ತದೆ.

ಮುಂದಿನ ಕಂತಿನಲ್ಲಿ, ಕೆಲಸವನ್ನು ಅದರ ಫಲದಿಂದಲೇ ಅಳೆಯುವ ಉಪಯುಕ್ತತಾವಾದವನ್ನು ಪರಿಚಯಿಸುವುದಾಗಿ ಅಂಕಣಕಾರರು ತಿಳಿಸಿದ್ದಾರೆ. ಆ ವಿಮಾನದ ಪ್ರಯಾಣಿಕರ ಕುಟುಂಬದವರಿಗೆ ಆ ವಾದವು ಏನು ಹೇಳುತ್ತದೆಂಬುದನ್ನೂ ದಯವಿಟ್ಟು ಬರೆಯಲಿ.

ತಮ್ಮ ವಿಶ್ವಾಸಿ,
ನಿವೃತ್ತ ತತ್ತ್ವಶಾಸ್ತ್ರ ಉಪನ್ಯಾಸಕ, ಧಾರವಾಡ