ಭಾನುವಾರ ರೈಲು ಓಡಿಸೋಣ, ಮೊದಲು ಚಕ್ರ ಒರೆಸಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ನಮ್ಮ ನಮ್ಮ ಹಳಿಗಳನ್ನು ಜೋಡಿಸಿ ಮಾದರಿ ರೈಲು ಓಡಿಸೋಣ. ದೊಡ್ಡ ಮೇಜು ಎಚ್‌ಒ ಅಳತೆಗೆ, ಅಂದರೆ 1:87 (ನಿಜವಾದ ರೈಲಿಗಿಂತ 87 ಪಟ್ಟು ಚಿಕ್ಕದು), ಹಳಿಗಳ ನಡುವೆ 16.5 ಮಿ.ಮೀ. ಇನ್ನೂ ಚಿಕ್ಕದಾದ ಎನ್ ಅಳತೆಯವರು ಬೇಸರ ಮಾಡ್ಕೋಬೇಡಿ, ನಿಮ್ಮ 9 ಮಿ.ಮೀ. ಹಳಿಗೆ ಬೇರೆ ಮೇಜು ಇರುತ್ತದೆ.

ದಯವಿಟ್ಟು ಎಂಜಿನ್ ಚಕ್ರ ಒರೆಸಿಕೊಂಡು ಬನ್ನಿ. ಕಳೆದ ಸಲ ನನ್ನದೇ ಎಂಜಿನ್ ತಿರುವಿನಲ್ಲಿ ನಿಂತುಬಿಟ್ಟಿತು. ಮೋಟಾರು ಹೋಯಿತು ಅಂದುಕೊಂಡು ಸುಮ್ನೆ ಪೂರ್ತಿ ಬಿಚ್ಚಿದೆ. ನೋಡಿದರೆ ಚಕ್ರದ ಮೇಲೆ ಕಪ್ಪು ಕೊಳೆ! ಹಳಿಯ ಕರೆಂಟು ಚಕ್ರದ ಮೂಲಕವೇ ಮೋಟಾರಿಗೆ ಹೋಗಬೇಕು ಅಲ್ವಾ? ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದರೆ ಸಾಕು. ಸ್ಯಾಂಡ್‌ಪೇಪರ್ ಮಾತ್ರ ಬೇಡ, ಅದರ ಗೀರುಗಳಲ್ಲಿ ಕೊಳೆ ಇನ್ನೂ ಜಾಸ್ತಿ ಕೂರುತ್ತದೆ.

ನಿಜವಾದ 23 ಮೀಟರಿನ ಬೋಗಿ ಎಚ್‌ಒದಲ್ಲಿ ಸುಮಾರು 26 ಸೆಂ.ಮೀ. ಅಂಥವನ್ನು ತರುವವರು ಮೊದಲೇ ಹೇಳಿ, ತಿರುವು ಅಗಲ ಮಾಡುತ್ತೇವೆ.

ಹಳೇ ರಟ್ಟಿನ ಟಿಕೆಟ್ ಇದ್ದರೆ ತನ್ನಿ. ಅದನ್ನು ಕೈಯಲ್ಲಿ ಹಿಡಿದರೆ ಸಾಕು, ಮೇಲಿನ ಬರ್ತಿನಲ್ಲಿ ಮಲಗಿ ಹಳಿ ಕೀಲುಗಳ ಟಕ್‌ ಟಕ್ ಎಣಿಸಿದ ರಾತ್ರಿ ನೆನಪಾಗುತ್ತದೆ. ಈಗ ಹಳಿ ಬೆಸೆದುಬಿಡುತ್ತಾರೆ, ಪ್ರಯಾಣ ನುಣುಪು. ನನಗಂತೂ ನಿದ್ದೆಯೇ ಬರಲ್ಲ!

ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.