ಸಮಾಧಾನ ಬೇಡವೆಂದ ರಾಹೇಲಳು

ಜೆರೂಸಲೇಮ್
ಡಿಸೆಂಬರ್, ಆಗಮನ ಕಾಲದ ಮೂರನೇ ವಾರ

ಪ್ರೀತಿಯ ಅಕ್ಕಾ,

ಈ ಸಲ ಕ್ರಿಸ್‌ಮಸ್ ಆರಾಧನೆಗೆ ಬರುವುದಿಲ್ಲ ಅಂದೆಯಂತೆ. ಅಮ್ಮ ಫೋನಿನಲ್ಲಿ ಹೇಳಿದರು. ಸಂಡೇ ಸ್ಕೂಲ್ ಮಕ್ಕಳ ನಾಟಕದಲ್ಲಿ ಮರಿಯಳ ವೇಷದ ಹುಡುಗಿ ಕೂಸನ್ನು ಎತ್ತಿಕೊಂಡು ನಿಲ್ಲುವುದನ್ನು ಈ ವರ್ಷ ನೋಡಲಾರೆ ಅಂದೆಯಂತೆ. ಹೇಳುತ್ತಾ ಅಮ್ಮ ಅತ್ತುಬಿಟ್ಟರು. "ನೀನಾದರೂ ಅವಳಿಗೆ ಬುದ್ಧಿ ಹೇಳು" ಅಂದರು. ಬುದ್ಧಿ ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ವಾಟ್ಸಾಪ್‌ನಲ್ಲಿ ಬರೆದರೆ ಮಾತು ತುಂಡು ತುಂಡಾಗುತ್ತದೆ, ಮಧ್ಯೆ ಯಾರಾದರೂ ಗುಡ್ ಮಾರ್ನಿಂಗ್ ಚಿತ್ರ ಕಳಿಸುತ್ತಾರೆ. ಅದಕ್ಕೇ ಕಾಗದ ತೆಗೆದುಕೊಂಡೆ.

ಇನ್ನೊಂದು ವಿಷಯವನ್ನೂ ಅಮ್ಮ ಹೇಳಿದರು. ಚಿಕಿತ್ಸೆ ಮತ್ತೆ ಫಲಿಸಲಿಲ್ಲ ಅಂತ ಗೊತ್ತಾದ ವಾರವೇ ಪ್ರಾರ್ಥನಾ ಕೂಟದಲ್ಲಿ ಒಬ್ಬರು ನಿನ್ನ ಕೈ ಹಿಡಿದು, "ನಂಬಿಕೆ ಗಟ್ಟಿಯಾಗಿದ್ದರೆ ದೇವರು ಕೊಡದೆ ಇರುತ್ತಿದ್ದರಾ?" ಅಂದರಂತೆ. ಅದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಷ್ಟು ಸಿಟ್ಟು ಬಂದಿತ್ತು. ಎದ್ದು ದೀಪ ಹಾಕಿ ಲೂಕನ ಸುವಾರ್ತೆ ತೆಗೆದೆ.

ಅಕ್ಕಾ, ಕ್ರಿಸ್‌ಮಸ್ ಕಥೆಯನ್ನು ಲೂಕ ಎಲ್ಲಿಂದ ಶುರು ಮಾಡುತ್ತಾನೆ ನೋಡು. ಮರಿಯಳಿಂದ ಅಲ್ಲ, ಕುರುಬರಿಂದ ಅಲ್ಲ. ಮಕ್ಕಳಿಲ್ಲದ ಒಂದು ಮನೆಯಿಂದ. ಜಕರೀಯ, ಎಲಿಸಬೇತ್. ಮೊದಲ ಅಧ್ಯಾಯದ ಆರನೇ ವಚನದಲ್ಲಿ ಇಬ್ಬರೂ ದೇವರ ಮುಂದೆ ನೀತಿವಂತರು, ಯಾವ ಆಜ್ಞೆಯಲ್ಲೂ ತಪ್ಪಿ ನಡೆದವರಲ್ಲ ಅನ್ನುತ್ತಾನೆ. ಏಳನೇ ವಚನದಲ್ಲಿ ಅವರಿಗೆ ಮಕ್ಕಳಿರಲಿಲ್ಲ, ಇಬ್ಬರಿಗೂ ವಯಸ್ಸಾಗಿತ್ತು ಅನ್ನುತ್ತಾನೆ. ಎರಡೂ ವಚನ ಅಕ್ಕಪಕ್ಕ. ಲೂಕ ಬೇಕೆಂದೇ ಹಾಗೆ ಇಟ್ಟಿದ್ದಾನೆ ಅಂತ ನನಗೆ ಅನಿಸುತ್ತದೆ. ಮಗು ಇಲ್ಲದ ಮನೆಯಲ್ಲಿ ಏನೋ ಕುಂದು ಇರಬೇಕು ಅಂತ ಆಗಲೂ ಜನ ಮಾತಾಡುತ್ತಿದ್ದರು. ಜನರ ನಡುವೆ ತನಗಿದ್ದ ಅವಮಾನದ ಮಾತನ್ನು ಎಲಿಸಬೇತಳೇ ಮುಂದೆ ಎತ್ತುತ್ತಾಳೆ. ಆ ಮಾತಿಗೆ ಲೂಕ ಕಥೆಯ ಬಾಗಿಲಲ್ಲೇ ಉತ್ತರ ಕೊಟ್ಟುಬಿಟ್ಟಿದ್ದಾನೆ.

ಜಕರೀಯ ಯಾಜಕ, ಅಬೀಯನ ವರ್ಗದವನು. ಯಾಜಕರಲ್ಲಿ ಒಟ್ಟು 24 ವರ್ಗಗಳಿದ್ದವು, ಸರದಿ ಪ್ರಕಾರ ದೇವಾಲಯದ ಸೇವೆಗೆ ಬರುತ್ತಿದ್ದರು. ಧೂಪ ಹಾಕುವ ಕೆಲಸ ಯಾರಿಗೆ ಅಂತ ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಆ ದಿನ ಅವನಿಗೆ ಬಂತು. ಒಳಗೆ ಹೋಗಿ ಊರಿನವರೆಲ್ಲರ ಪ್ರಾರ್ಥನೆಯ ಪರವಾಗಿ ಧೂಪ ಹಾಕುತ್ತಾನೆ. ತಾನು ಎಷ್ಟೋ ವರ್ಷ ಕೇಳಿದ್ದಕ್ಕೆ ಉತ್ತರ ಬಂದಿಲ್ಲ. ಆದರೂ ಬೇರೆಯವರಿಗಾಗಿ ಬೇಡುವ ಕೆಲಸಕ್ಕೆ ಬಂದಿದ್ದಾನೆ. ಇದನ್ನು ಓದುವಾಗ ನನಗೆ ನಿನ್ನದೇ ನೆನಪು. ಯಾರ ಮನೆಯಲ್ಲಿ ಹೆರಿಗೆ ಅಂದರೂ ಗಂಜಿ ಮಾಡಿಕೊಂಡು ಆಸ್ಪತ್ರೆಗೆ ಹೋಗುತ್ತಿದ್ದವಳು ನೀನು.

ದೇವದೂತ ಗಬ್ರಿಯೇಲ ಬಂದು ನಿನಗೆ ಮಗ ಹುಟ್ಟುತ್ತಾನೆ ಅಂದಾಗ ಜಕರೀಯ ನಂಬಿದನಾ? ಇಲ್ಲ. "ನಾನು ಮುದುಕ, ನನ್ನ ಹೆಂಡತಿಗೂ ವಯಸ್ಸಾಗಿದೆ, ಇದನ್ನು ಹೇಗೆ ನಂಬಲಿ?" ಅನ್ನುವ ಅರ್ಥದಲ್ಲಿ ಕೇಳಿದ. ಅದಕ್ಕೆ ಮಗು ಹುಟ್ಟಿ ಹೆಸರಿಡುವವರೆಗೆ ಅವನ ಬಾಯಿ ಕಟ್ಟಿಹೋಯಿತು. ಆದರೆ ಮಗು ಹುಟ್ಟಿತು. ನಂಬಿಕೆ ಗಟ್ಟಿಯಿದ್ದರೆ ಮಗು, ಇಲ್ಲದಿದ್ದರೆ ಇಲ್ಲ ಅನ್ನುವ ಲೆಕ್ಕ ನಿಜವಾಗಿದ್ದರೆ ಯೋಹಾನ ಹುಟ್ಟಲೇಬಾರದಿತ್ತು ಅಲ್ವಾ? ಆ ಕೂಟದ ಅಮ್ಮನವರಿಗೆ ಯಾರಾದರೂ ಈ ಅಧ್ಯಾಯವನ್ನು ಓದಿ ಹೇಳಬೇಕು.

ಇಷ್ಟು ಬರೆದು ನಾನು "ನೋಡು, ಎಲಿಸಬೇತಳಿಗೂ ಕೊನೆಗೆ ಮಗು ಆಯ್ತಲ್ಲ" ಅಂತ ಹೇಳುತ್ತೇನೆ ಅಂದುಕೊಳ್ಳಬೇಡ. ಆ ಮಾತನ್ನು ನಿನಗೆ ಹೇಳದವರು ಯಾರೂ ಉಳಿದಿರಲಿಕ್ಕಿಲ್ಲ. ಜೆರೂಸಲೇಮಿನ ಪಶ್ಚಿಮಕ್ಕೆ ಏನ್ ಕೆರೆಮ್ ಅಂತ ಒಂದು ಹಳ್ಳಿ ಇದೆ. ಅವರಿಬ್ಬರ ಮನೆ ಅಲ್ಲೇ ಇತ್ತು ಅನ್ನುವುದು ಹಳೆಯ ನಂಬಿಕೆ. ಗುಡ್ಡದ ಮೆಟ್ಟಿಲು ಹತ್ತಿ ಹೋದರೆ ಮರಿಯಳು ಎಲಿಸಬೇತಳನ್ನು ಕಾಣಲು ಬಂದ ನೆನಪಿನ ಚರ್ಚ್. ರಜೆ ಸಿಕ್ಕಾಗ ನಾನು ಅಲ್ಲಿಗೆ ಹೋಗಿ ಕೂತುಕೊಳ್ಳುತ್ತೇನೆ. ಅಲ್ಲಿ ಕೂತಾಗಲೆಲ್ಲ ನಾನು ಯೋಚಿಸುವುದು ಹುಟ್ಟಿದ ಮಗುವಿಗೆ ಮುಂದೆ ಏನಾಯಿತು ಅಂತ.

ಯೋಹಾನ ದೊಡ್ಡವನಾಗಿ ಹೆರೋದ ಅಂತಿಪನ ಸೆರೆಮನೆ ಸೇರಿದ. ಮೃತ ಸಮುದ್ರದ ಪೂರ್ವಕ್ಕಿರುವ ಮಖೇರುಸ್ ಕೋಟೆಯಲ್ಲಿ ಅಂತ ಆ ಕಾಲದ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅಲ್ಲಿಂದ ಅವನು ತನ್ನ ಶಿಷ್ಯರ ಕೈಯಲ್ಲಿ ಯೇಸುಸ್ವಾಮಿಗೆ ಒಂದು ಪ್ರಶ್ನೆ ಕಳಿಸಿದ. ಬರಬೇಕಾದವನು ನೀನೇನಾ, ಇಲ್ಲ ನಾವು ಇನ್ನೊಬ್ಬನಿಗಾಗಿ ಕಾಯಬೇಕಾ? ಮರಿಯಳು ಬಂದಾಗ ತಾಯಿಯ ಹೊಟ್ಟೆಯಲ್ಲೇ ಕುಣಿದವನು, ಯೊರ್ದನಿನಲ್ಲಿ ದೀಕ್ಷಾಸ್ನಾನ ಮಾಡಿಸಿದವನು ಹೀಗೆ ಕೇಳುತ್ತಾನೆ. ಅಷ್ಟು ಬೇಡಿ ಪಡೆದ ಮಗ. ಅವನಿಗೂ ಕತ್ತಲಲ್ಲಿ ಎಲ್ಲ ಸುಳ್ಳಾಯಿತಾ ಅನಿಸಿತು.

ಯೇಸುಸ್ವಾಮಿ ಏನು ಉತ್ತರ ಕೊಟ್ಟರು? ಕುರುಡರಿಗೆ ಕಣ್ಣು ಬರುತ್ತಿದೆ, ಕುಂಟರು ನಡೆಯುತ್ತಿದ್ದಾರೆ, ಬಡವರಿಗೆ ಸುವಾರ್ತೆ ಸಿಗುತ್ತಿದೆ ಅಂತ ಹೋಗಿ ಹೇಳಿ ಅಂದರು. ನಜರೇತಿನಲ್ಲಿ ಯೆಶಾಯನ ಗ್ರಂಥ ತೆಗೆದು ಓದಿದಾಗ ಅದರಲ್ಲಿ ಸೆರೆಯಲ್ಲಿರುವವರಿಗೆ ಬಿಡುಗಡೆ ಅನ್ನುವ ಮಾತೂ ಇತ್ತು. ಯೋಹಾನನಿಗೆ ಕಳಿಸಿದ ಉತ್ತರದಲ್ಲಿ ಅದು ಇಲ್ಲ. ಅವನು ಹೊರಗೆ ಬರಲಿಲ್ಲ. ಅವನ ತಲೆ ಹೋಯಿತು. ಇದು ನನಗೆ ತುಂಬ ಕಷ್ಟವಾಗುವ ಭಾಗ. ಆದರೆ ಆ ಶಿಷ್ಯರು ಅತ್ತ ಹೋದ ಕೂಡಲೇ ಯೇಸುಸ್ವಾಮಿ ಜನರ ಕಡೆ ತಿರುಗಿ, ಹೆಂಗಸರಲ್ಲಿ ಹುಟ್ಟಿದವರಲ್ಲಿ ಯೋಹಾನನಿಗಿಂತ ದೊಡ್ಡವನು ಇಲ್ಲ ಅಂದರು. ಪ್ರಶ್ನೆ ಕೇಳಿದ ಅದೇ ದಿನ. ನಿನ್ನ ನಂಬಿಕೆ ಸಾಲದು ಅನ್ನಲಿಲ್ಲ.

ಈಗ ನಾನು ನೋಡಿಕೊಳ್ಳುವ ಅಜ್ಜಿಯ ವಿಷಯ ಹೇಳುತ್ತೇನೆ. ಇಲ್ಲಿ ಅಜ್ಜಿಗೆ ಸಾಫ್ತಾ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಯೆಹೂದಿ ಮನೆ, ಅವರಿಗೆ ಡಿಸೆಂಬರ್ 25 ಸುಮ್ನೆ ಒಂದು ದಿನ. ಇಲ್ಲಿ ಅಂಗಡಿ, ಆಫೀಸು, ಬಸ್ಸು ಎಲ್ಲ ಎಂದಿನಂತೆ. ಒಂದು ಸಂಜೆ ಕಾಲಿಗೆ ಎಣ್ಣೆ ಹಚ್ಚುವಾಗ ನಿನ್ನ ವಿಷಯ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ರಾಹೇಲಳ ಹತ್ತಿರ ಹೋಗಿ ಬಾ" ಅಂದರು.

ರಾಹೇಲಳ ಸಮಾಧಿ ಇರುವುದು ಬೇತ್ಲೆಹೇಮಿನ ಬಾಗಿಲಲ್ಲೇ. "ನನಗೆ ಮಕ್ಕಳನ್ನು ಕೊಡು, ಇಲ್ಲದಿದ್ದರೆ ಸಾಯುತ್ತೇನೆ" ಅಂತ ಗಂಡ ಯಾಕೋಬನ ಹತ್ತಿರ ಕೂಗಾಡಿದವಳು. ಕೊನೆಗೆ ಎರಡನೇ ಮಗ ಬೆನ್ಯಾಮೀನನನ್ನು ಹೆರುವಾಗ ದಾರಿಯಲ್ಲೇ ತೀರಿಕೊಂಡಳು. ಈಗ ಆ ಜಾಗದ ಸುತ್ತ ಎತ್ತರದ ಕಾಂಕ್ರೀಟ್ ಗೋಡೆ, ಜೆರೂಸಲೇಮ್ ಕಡೆಯಿಂದ ಗೋಡೆಗಳ ನಡುವೆ ಬಸ್ಸಿನಲ್ಲಿ ಹೋಗಬೇಕು. ಹೆಂಗಸರಿಗೆ ಬೇರೆ ಭಾಗ. ಬಟ್ಟೆ ಹೊದಿಸಿದ ದೊಡ್ಡ ಸಮಾಧಿ. ಕೀರ್ತನೆಗಳ ಪುಸ್ತಕ ಹಿಡಿದು, ಕಲ್ಲಿಗೆ ಹಣೆ ಇಟ್ಟು ಹೆಂಗಸರು ಅಳುತ್ತಿದ್ದರು. ಜಾಸ್ತಿ ಜನ ನಿನ್ನ ವಯಸ್ಸಿನವರೇ. ಸಮಾಧಿಗೆ ಸುತ್ತಿದ ಕೆಂಪು ದಾರವನ್ನು ಮಗು ಬೇಕೆನ್ನುವವರು ಕೈಗೆ ಕಟ್ಟಿಕೊಳ್ಳುತ್ತಾರೆ. ನಾನು ನಿನಗೆ ದಾರ ತರಲಿಲ್ಲ. ಅದು ನಮ್ಮ ಪದ್ಧತಿ ಅಲ್ಲ ಅಂತ ಅಲ್ಲ, ಅಕ್ಕಾ. ನಿನ್ನ ಕೈಗೆ ಇನ್ನೊಂದು ಭರವಸೆ ಕಟ್ಟುವ ಧೈರ್ಯ ನನಗೆ ಬರಲಿಲ್ಲ.

ಅಲ್ಲಿ ನಿಂತಾಗ ಮತ್ತಾಯನ ಎರಡನೇ ಅಧ್ಯಾಯ ನೆನಪಾಯಿತು. ನಮ್ಮ ನಾಟಕಗಳು ಜ್ಞಾನಿಗಳು ಬಂದು ಬಂಗಾರ, ಧೂಪ, ರಕ್ತಬೋಳ ಕೊಡುವಲ್ಲಿಗೆ ಮುಗಿಯುತ್ತವೆ. ಮತ್ತಾಯ ಅಲ್ಲಿಗೆ ನಿಲ್ಲಿಸುವುದಿಲ್ಲ. ಆ ಅಂತಿಪನ ಅಪ್ಪ, ರಾಜ ಹೆರೋದ, ಸೈನಿಕರನ್ನು ಕಳಿಸಿ ಬೇತ್ಲೆಹೇಮಿನಲ್ಲೂ ಸುತ್ತಲೂ ಎರಡು ವರ್ಷದೊಳಗಿನ ಗಂಡುಮಕ್ಕಳನ್ನು ಕೊಲ್ಲಿಸುತ್ತಾನೆ. ಯೋಸೇಫನಿಗೆ ಕನಸಿನಲ್ಲಿ ಎಚ್ಚರಿಕೆ ಬಂತು, ಅವರು ಐಗುಪ್ತಕ್ಕೆ ಓಡಿದರು. ಪಕ್ಕದ ಮನೆಯ ಅಪ್ಪನಿಗೆ ಕನಸು ಬೀಳಲಿಲ್ಲ. ಯಾಕೆ ಬೀಳಲಿಲ್ಲ ಅಂತ ಮತ್ತಾಯ ಹೇಳುವುದಿಲ್ಲ. ನನಗೂ ಗೊತ್ತಿಲ್ಲ. ಗೊತ್ತಿರುವ ಹಾಗೆ ಮಾತಾಡುವವರನ್ನು ಕಂಡರೆ ನನಗೆ ಈಗ ಭಯ.

ಮತ್ತಾಯ ಅಲ್ಲಿ ಮಾಡುವುದು ಒಂದೇ ಕೆಲಸ. ಯೆರೆಮೀಯನ ಗ್ರಂಥದಿಂದ ರಾಹೇಲಳನ್ನು ಕರೆತರುತ್ತಾನೆ. ಅವಳು ಮಕ್ಕಳಿಗಾಗಿ ಅಳುತ್ತಿದ್ದಾಳೆ, ಅವರು ಇಲ್ಲವೆಂದು ಸಮಾಧಾನವನ್ನೇ ಒಲ್ಲೆ ಅನ್ನುತ್ತಿದ್ದಾಳೆ. ಯೆರೆಮೀಯನ 31ನೇ ಅಧ್ಯಾಯ ತೆಗೆದು ನೋಡು. 15ನೇ ವಚನ ಇದು. 16ರಲ್ಲಿ ದೇವರು, ಅಳಬೇಡ, ಕಣ್ಣು ಒರೆಸಿಕೋ, ನಿನ್ನ ಮಕ್ಕಳು ತಿರುಗಿ ಬರುತ್ತಾರೆ ಅನ್ನುತ್ತಾರೆ. ಮತ್ತಾಯ ಅಲ್ಲಿಗೆ ಹೋಗುವುದಿಲ್ಲ. 15ಕ್ಕೆ ನಿಲ್ಲಿಸುತ್ತಾನೆ. ಯೆಹೂದಿ ಗ್ರಂಥಗಳನ್ನು ಅಷ್ಟು ಬಲ್ಲವನಿಗೆ ಮುಂದಿನ ವಚನ ಗೊತ್ತಿಲ್ಲದೆ ಇರುತ್ತದಾ? ಅವಸರದಲ್ಲಿ ಆ ತಾಯಂದಿರ ಕಣ್ಣು ಒರೆಸಲು ಅವನಿಗೆ ಮನಸ್ಸು ಬರಲಿಲ್ಲ ಅಂತ ನಾನು ಓದಿಕೊಳ್ಳುತ್ತೇನೆ. ಸಮಾಧಾನ ಬೇಡ ಅಂದ ಹೆಂಗಸನ್ನು ಅವನು ಕ್ರಿಸ್‌ಮಸ್ ಕಥೆಯೊಳಗೇ ಕೂರಿಸಿದ್ದಾನೆ. ಗದರಲಿಲ್ಲ, ಹೊರಗೆ ಕಳಿಸಲಿಲ್ಲ. ನಿನ್ನ ಜಾಗ ಅಲ್ಲಿದೆ, ಅಕ್ಕಾ. ಚರ್ಚಿಗೆ ಹೋದರೂ ಇದೆ, ಹೋಗದಿದ್ದರೂ ಇದೆ.

ಗಾಜಾ ಯುದ್ಧ ಶುರುವಾಗುವ ಮೊದಲು ನಾನು ಬೇತ್ಲೆಹೇಮಿನ ಚರ್ಚಿಗೆ ಹೋಗಿದ್ದೆ. ಬಾಗಿಲು ತುಂಬ ಕುಳ್ಳು, ಬಗ್ಗಿಯೇ ಒಳಗೆ ಹೋಗಬೇಕು. ಕೆಳಗಿನ ಗುಹೆಯಲ್ಲಿ ಯೇಸುಸ್ವಾಮಿ ಹುಟ್ಟಿದ ಜಾಗದ ಗುರುತಾಗಿ 14 ಮೂಲೆಯ ಬೆಳ್ಳಿ ನಕ್ಷತ್ರ, ಅದನ್ನು ಮುಟ್ಟಲು ಉದ್ದ ಸಾಲು. ಅದರ ಪಕ್ಕದ ಗುಹೆಗಳಲ್ಲೇ ಹೆರೋದ ಕೊಲ್ಲಿಸಿದ ಆ ಮಕ್ಕಳ ಹೆಸರಿನ ಒಂದು ಪುಟ್ಟ ಚಾಪೆಲ್ ಇದೆ. ನಕ್ಷತ್ರ ಮುಟ್ಟಿದವರಲ್ಲಿ ಅಲ್ಲಿಗೆ ಬರುವವರು ಕಡಿಮೆ. 2023ರಲ್ಲಿ ಊರಿನ ಚೌಕದಲ್ಲಿ ದೊಡ್ಡ ಕ್ರಿಸ್‌ಮಸ್ ಮರವನ್ನೇ ನಿಲ್ಲಿಸಲಿಲ್ಲ. ಅಲ್ಲಿನ ಲೂಥರನ್ ಚರ್ಚಿನವರು ಒಡೆದ ಕಾಂಕ್ರೀಟ್ ತುಂಡುಗಳ ರಾಶಿ ಮಾಡಿ, ಗಾಜಾದ ಮಕ್ಕಳ ನೆನಪಿಗೆ ಬಾಲಯೇಸುವನ್ನು ಅದರ ಮೇಲೆ ಮಲಗಿಸಿದರು. ಸಾಫ್ತಾಳ ಬೀದಿಯಲ್ಲೂ ಮಗನನ್ನು ಕಳೆದುಕೊಂಡ ಮನೆ ಇದೆ. ಇಲ್ಲಿ ಗೋಡೆಯ ಎರಡೂ ಕಡೆ ರಾಹೇಲರಿದ್ದಾರೆ.

ಇಷ್ಟೆಲ್ಲ ಇದ್ದೂ ನಾನು ಯಾಕೆ ನಂಬುತ್ತೇನೆ ಅಂತ ನೀನು ಕೇಳಬಹುದು. ಗೋದಲಿಯಲ್ಲಿ ಮಲಗಿದವನು ಆ ಸಲ ಉಳಿದದ್ದು ಮುಂದೆ ತಪ್ಪಿಸಿಕೊಳ್ಳಲಿಕ್ಕೆ ಅಲ್ಲ. ದೇವಾಲಯದಲ್ಲಿ ಸಿಮೆಯೋನ ಮರಿಯಳಿಗೆ ಆಗಲೇ ಹೇಳಿದ್ದ, ನಿನ್ನ ಪ್ರಾಣಕ್ಕೇ ಅಲಗು ನಾಟುತ್ತದೆ ಅಂತ. ಶಿಲುಬೆಯ ಮೇಲೆ ಆ ಮಗನೇ, ದೇವರೇ ನನ್ನನ್ನು ಯಾಕೆ ಕೈಬಿಟ್ಟೆ ಅಂತ ಕೂಗಿದ. ನಿರಾಶೆ ಅಂದರೇನು ಅಂತ ದೇವರಿಗೆ ನಾವು ವಿವರಿಸಿ ಹೇಳಬೇಕಾಗಿಲ್ಲ. ನನಗೆ ಅಷ್ಟು ಸಾಕಾಗುತ್ತದೆ. ನಿನಗೂ ಸಾಕಾಗಬೇಕು ಅಂತ ನಾನು ಹೇಳುವುದಿಲ್ಲ.

ಅಮ್ಮನಿಗೆ ನಾನೇ ಹೇಳುತ್ತೇನೆ, ನಿನ್ನನ್ನು ಒತ್ತಾಯ ಮಾಡಬೇಡಿ ಅಂತ. ಆ ದಿನ ನೀನೂ ಭಾವನೂ ಮನೆಯಲ್ಲೇ ಇರಿ, ಇಲ್ಲ ಮಲ್ಪೆಗೆ ಹೋಗಿ ಸಮುದ್ರ ನೋಡಿ ಬನ್ನಿ. ಹಬ್ಬದ ಕುಸ್ವಾರ್ ತಿಂಡಿ ಮಾಡಲು ಮನಸ್ಸಿಲ್ಲದಿದ್ದರೆ ಬಿಡು, ಅಮ್ಮ ಹೇಗೂ ಡಬ್ಬಿ ತುಂಬ ಕಳಿಸುತ್ತಾರೆ. ಅಮ್ಮನ ಬಿಪಿ ಮಾತ್ರೆಗೆ ಹಣ ಹಾಕಿದ್ದೇನೆ, ತಪ್ಪದೆ ತಗೊಳ್ಳುತ್ತಾರಾ ಅಂತ ಸ್ವಲ್ಪ ನೋಡು.

ಇನ್ನೊಂದು ಕೇಳಬೇಕಿತ್ತು. ನಾನು ದಿನಾ ನಿನ್ನ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತೇನೆ. ಮಗು ಕೊಡಿ ಅಂತಲೇ ಇಷ್ಟು ವರ್ಷ ಕೇಳಿದ್ದೇನೆ. ಈಗಲೂ ಅದನ್ನೇ ಕೇಳಲಾ, ಇಲ್ಲ ನಿನಗೆ ಬೇರೆ ಏನಾದರೂ ಬೇಕಾ? ನಿನಗೆ ಏನು ಬೇಕು ಅಂತ ನೀನೇ ಬರೆ. ಅದನ್ನೇ ಕೇಳುತ್ತೇನೆ.

ಭಾವನಿಗೆ ನನ್ನ ವಂದನೆ.

ನಿನ್ನ ತಂಗಿ