ಲಕೋಟೆ ಒಡೆದ ಕೊಲೆಗಾರ: ಯುವ ಬರಹಗಾರರೊಬ್ಬರಿಗೆ ಪತ್ರ

ಪ್ರಿಯ ಗೆಳೆಯರೇ,

ವಂದನೆಗಳು. ನೀವು ಕಳುಹಿಸಿದ ಅಪರಾಧ ಧಾರಾವಾಹಿಯ ಸಂಚಿಕೆಯ ಕರಡನ್ನು ಎರಡು ಸಲ ಓದಿದೆ. ಮೊದಲ ಸಲ ಕೊಲೆಗಾರ ಯಾರೆಂಬ ಕುತೂಹಲಕ್ಕಾಗಿ ಓದಿದೆ. ಎರಡನೆಯ ಸಲ, ಅದು ಗೊತ್ತಾದ ಮೇಲೂ ಓದಿಸಿಕೊಳ್ಳುವಂಥದ್ದು ಏನು ಉಳಿದಿದೆ ಎಂದು ನೋಡುವುದಕ್ಕಾಗಿ ಓದಿದೆ. ಉಳಿದದ್ದು ಕಡಿಮೆ ಎಂದು ಹೇಳಲೇಬೇಕಾಗಿದೆ. ಹದಿನಾಲ್ಕು ಪಾತ್ರಗಳಿವೆ, ರಕ್ತದ ಕಲೆಯಿದೆ, ನಿಂತುಹೋದ ಗಡಿಯಾರವಿದೆ; ಆದರೆ ಈ ಸುಳಿವುಗಳನ್ನು ಒಬ್ಬನ ಮನೆಯಿಂದ ಎತ್ತಿ ಇನ್ನೊಬ್ಬನ ಮನೆಯಲ್ಲಿಟ್ಟರೂ ನಿಮ್ಮ ಕಥೆಗೆ ಏನೂ ಆಗುವುದಿಲ್ಲ. ನನ್ನ ಆಕ್ಷೇಪಣೆ ಇಷ್ಟೇ. ಅದನ್ನು ವಿವರಿಸಲು ಹಳೆಯ ಅಮೆರಿಕನ್ ಸಂಚಿಕೆಯೊಂದನ್ನು ಆರಿಸಿಕೊಂಡಿದ್ದೇನೆ. ಅದರ ಕಥೆ ಬರಹಗಾರರದೇ ಆಗಿರುವುದರಿಂದ ನಿಮಗೂ ರುಚಿಸಬಹುದು.

1971ರ ಸೆಪ್ಟೆಂಬರ್ 15ರಂದು ಎನ್‌ಬಿಸಿ ವಾಹಿನಿಯಲ್ಲಿ ಪ್ರಸಾರವಾದ 'ಕೊಲಂಬೊ' ಸರಣಿಯ 'ಮರ್ಡರ್ ಬೈ ದ ಬುಕ್' ಎಂಬ ಸಂಚಿಕೆ ಅದು. ಬರೆದವರು ಸ್ಟೀವನ್ ಬಾಚ್ಕೊ, ನಿರ್ದೇಶಿಸಿದವರು ಸ್ಟೀವನ್ ಸ್ಪೀಲ್‌ಬರ್ಗ್. ಆಗ ಇಬ್ಬರಿಗೂ ಮೂವತ್ತು ತುಂಬಿರಲಿಲ್ಲ. ಮಿಸೆಸ್ ಮೆಲ್ವಿಲ್ ಎಂಬ ಪತ್ತೇದಾರಿಣಿಯ ಕಾದಂಬರಿಗಳನ್ನು ಜೋಡಿಯಾಗಿ ಪ್ರಕಟಿಸುವ ಇಬ್ಬರು ಲೇಖಕರಲ್ಲಿ ಜಿಮ್ ಫೆರಿಸ್ ನಿಜವಾಗಿ ಬರೆಯುವವನು, ಕೆನ್ ಫ್ರಾಂಕ್ಲಿನ್ ಸಭೆ, ಸಂದರ್ಶನಗಳಲ್ಲಿ ಮಿಂಚುವವನು. ಇನ್ನು ಮುಂದೆ ಒಬ್ಬನೇ ಗಂಭೀರವಾದುದನ್ನು ಬರೆಯಬೇಕೆಂದು ಜಿಮ್ ನಿರ್ಧರಿಸಿದಾಗ ಕೆನ್‌ನ ಐಷಾರಾಮದ ಬುಡವೇ ಅಲುಗಾಡುತ್ತದೆ. ಅವನು ಜಿಮ್‌ನನ್ನು ಸ್ಯಾನ್ ಡಿಯಾಗೊ ಬಳಿಯ ತನ್ನ ರಜಾಮನೆಗೆ ಕರೆದೊಯ್ದು, ಲಾಸ್ ಏಂಜಲೀಸಿನ ಕಚೇರಿಯಲ್ಲೇ ತಡವಾಗಿ ಕೆಲಸ ಮಾಡುತ್ತಿರುವುದಾಗಿ ಹೆಂಡತಿಗೆ ಫೋನಿನಲ್ಲಿ ಹೇಳಿಸಿ, ಆ ಮಾತಿನ ನಡುವೆಯೇ ಗುಂಡು ಹಾರಿಸುತ್ತಾನೆ. ಕೊಲೆ ಕಚೇರಿಯಲ್ಲೇ ನಡೆಯಿತೆಂದು ಆಕೆ ನಂಬುತ್ತಾಳೆ.

ಇದೆಲ್ಲವೂ ನಮ್ಮ ಕಣ್ಣೆದುರಿಗೇ ನಡೆಯುತ್ತದೆ. ಕೊಂದವನು ಯಾರೆಂಬ ಗುಟ್ಟನ್ನು ಬರಹಗಾರ ಆರಂಭದಲ್ಲೇ ಕೈಬಿಟ್ಟಿದ್ದಾನೆ. ಗುಟ್ಟನ್ನು ಬಚ್ಚಿಡಬೇಕಾದಾಗ ನಾವು ನಟನ ಮುಖವನ್ನೂ ಬಚ್ಚಿಡಬೇಕಾಗುತ್ತದೆ, ಏಕೆಂದರೆ ಅಪರಾಧಿಯ ಪಾತ್ರಧಾರಿ ಕೊನೆಯ ದೃಶ್ಯದವರೆಗೂ ನಿರಪರಾಧಿಯಂತೆಯೇ ಅಭಿನಯಿಸಬೇಕು. ಇಲ್ಲಿ ಕೆನ್ ಆಗಿ ನಟಿಸಿರುವ ಜಾಕ್ ಕ್ಯಾಸಿಡಿಗೆ ಆ ಕಟ್ಟು ಇಲ್ಲ. ಅವರ ನಗು ಸುಳ್ಳೆಂದು ನಮಗೆ ಗೊತ್ತು, ನಮಗೆ ಗೊತ್ತಿರುವುದರಿಂದಲೇ ಆ ನಗುವನ್ನು ನೋಡುತ್ತಾ ಕೂರುತ್ತೇವೆ. ಈ ಸರಣಿ ಅವರನ್ನು 1974ರಲ್ಲಿ ಪ್ರಕಾಶಕನಾಗಿ, 1976ರಲ್ಲಿ ಜಾದೂಗಾರನಾಗಿ, ಮತ್ತೆರಡು ಬಾರಿ ಕೊಲೆಗಾರನ ಪಾತ್ರಕ್ಕೇ ಕರೆಯಿತು.

ಈಗ ಸುಳಿವುಗಳ ವಿಚಾರಕ್ಕೆ ಬರುತ್ತೇನೆ. ಕೆನ್ ಹೆಣವನ್ನು ತಂದು ಲಾಸ್ ಏಂಜಲೀಸಿನ ತನ್ನ ಮನೆಯ ಮುಂದಿನ ಹುಲ್ಲುಹಾಸಿನ ಮೇಲೆ ಹಾಕಿ ಪೊಲೀಸರನ್ನು ಕರೆಯುತ್ತಾನೆ. ಅಲ್ಲಿಗೆ ಬಂದ ಪೊಲೀಸ್ ಪತ್ತೇದಾರ ಕೊಲಂಬೊ ಗಮನಿಸುವುದು, ಆತ ಅಂದಿನ ಅಂಚೆಯ ಲಕೋಟೆಗಳನ್ನು ಒಡೆದು ನೋಡಿದ್ದಾನೆ ಎಂಬುದನ್ನು. ಜೊತೆಗಾರನ ಹೆಣ ಅಂಗಳದಲ್ಲಿ ಬಿದ್ದಿರುವಾಗ ಬಿಲ್ಲುಗಳನ್ನು ಬಿಡಿಸಿ ಓದುವ ಮನುಷ್ಯ ಎಂಥವನು? ಅದಕ್ಕೂ ಮೊದಲು, ಜಿಮ್‌ಗೆ ಹೀಗಾಯಿತೆಂಬ ಸುದ್ದಿ ತಿಳಿದಾಗ ಅವನು ವಿಮಾನ ಹತ್ತದೆ ಕಾರಿನಲ್ಲೇ ಊರಿಗೆ ಮರಳಿದ್ದ. ಈ ಎರಡರಲ್ಲಿ ಯಾವುದನ್ನೂ ಪ್ರಯೋಗಾಲಯಕ್ಕೆ ಕಳುಹಿಸಲಾಗುವುದಿಲ್ಲ, ನ್ಯಾಯಾಲಯದಲ್ಲಿ ಇವು ಒಂದು ನಿಮಿಷವೂ ನಿಲ್ಲಲಾರವು. ಆದರೆ ಎರಡೂ ಕೆನ್ ಎಂಬ ಒಬ್ಬನೇ ಮನುಷ್ಯನಿಗೆ ಸೇರಿದವು, ಬೇರೆ ಯಾರ ಮನೆಗೂ ಸಾಗಿಸಲು ಬಾರದವು. ನಟನಿಗೂ ಇಂಥದ್ದೇ ಬೇಕು. ರಕ್ತದ ಕಲೆಯನ್ನು ಯಾರೂ ಅಭಿನಯಿಸಲಾರರು, ಲಕೋಟೆ ಒಡೆಯುವುದನ್ನು ಅಭಿನಯಿಸಬಹುದು.

ಪಾತ್ರಗಳ ಸಂಖ್ಯೆಯನ್ನೂ ಗಮನಿಸಿ. ಒಂದೂಕಾಲು ಗಂಟೆಯ ಆ ಸಂಚಿಕೆಯನ್ನು ಹೊತ್ತಿರುವವರು ಐದೇ ಜನ. ಜಿಮ್ ಆಗಿ ಮಾರ್ಟಿನ್ ಮಿಲ್ನರ್ ಬೇಗ ಸಾಯುತ್ತಾರೆ. ಆದರೆ ಅವರ ಟೈಪ್‌ರೈಟರಿನ ಸದ್ದೇ ಸಂಚಿಕೆಯ ಮೊದಲ ಸಂಗೀತ. ಜಿಮ್ ಎತ್ತರದ ಕಟ್ಟಡದ ಕಚೇರಿಯಲ್ಲಿ ಕುಳಿತು ಬರೆಯುತ್ತಿರುತ್ತಾನೆ, ಕೆನ್‌ನ ಕಾರು ಬೀದಿಯಲ್ಲಿ ಬರುತ್ತಿರುತ್ತದೆ, ಕಾರಿನ ದೃಶ್ಯದ ಮೇಲೂ ಕೀಲಿಗಳ ಸದ್ದೇ ಕೇಳಿಸುತ್ತಿರುತ್ತದೆ. ಒಬ್ಬ ಬರೆಯುವವನು, ಮತ್ತೊಬ್ಬ ಬರೆಯಲಾರದವನು ಎಂಬುದು ಒಂದು ಮಾತಿನ ಖರ್ಚೂ ಇಲ್ಲದೆ ಅಲ್ಲೇ ಸ್ಥಾಪಿತವಾಗುತ್ತದೆ. ನಿಮ್ಮ ಕರಡಿನ ಮೊದಲ ದೃಶ್ಯದಲ್ಲಿ ಮೂವರು ನಿಂತು ನಾಲ್ಕನೆಯವನ ಸ್ವಭಾವವನ್ನು ವರ್ಣಿಸುತ್ತಿದ್ದಾರೆ. ದಯವಿಟ್ಟು ಮೂವರನ್ನೂ ಮನೆಗೆ ಕಳುಹಿಸಿ.

ನಾನೂ ಈ ತಪ್ಪನ್ನು ಮಾಡಿದವನೇ. ಬಹಳ ಹಿಂದೆ ವಾಹಿನಿಯೊಂದಕ್ಕೆ ಬರೆದ ಸಂಚಿಕೆಯ ಕೊನೆಯಲ್ಲಿ ಇನ್ಸ್‌ಪೆಕ್ಟರಿಗೆ ನಾಲ್ಕು ಪುಟಗಳ ವಿವರಣೆಯನ್ನು ಕೊಟ್ಟಿದ್ದೆ. ಚಿತ್ರೀಕರಣದ ದಿನ ಆ ಪಾತ್ರದ ನಟರು ನನ್ನನ್ನು ಪಕ್ಕಕ್ಕೆ ಕರೆದು, "ಸಾರ್, ಇಷ್ಟೂ ಹೊತ್ತು ನನ್ನ ಕೈಗಳನ್ನು ಏನು ಮಾಡಲಿ?" ಎಂದು ವಿನಯದಿಂದಲೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರು ಇಡೀ ಮಧ್ಯಾಹ್ನ ಒಂದು ಪೆನ್ನಿನ ಕ್ಯಾಪನ್ನು ತೆಗೆಯುತ್ತಾ ಹಾಕುತ್ತಾ ಕಳೆದರು.

ಕೊಲಂಬೊ ಆಗಿ ನಟಿಸಿದ ಪೀಟರ್ ಫಾಕ್ ಅವರ ಕೈಗೆ ಬಾಚ್ಕೊ ಏನು ಕೊಟ್ಟರು ನೋಡಿ. ಕೊಲೆ ನಡೆದ ಮೇಲೆ, ಕಚೇರಿಯ ಹೊರಗಿನ ಕಾರಿಡಾರಿನಲ್ಲಿ ನೀರು ಕುಡಿಯುತ್ತಿರುವ ಜಿಮ್‌ನ ಹೆಂಡತಿಯ ಎದುರಿಗೆ ಕೊಲಂಬೊ ಸದ್ದಿಲ್ಲದೆ ಬಂದು ನಿಲ್ಲುತ್ತಾನೆ. ನಾಯಕನ ಪ್ರವೇಶ ಅಷ್ಟೇ. ಬಳಿಕ ಆಕೆಯ ಮನೆಗೆ ಹೋಗಿ, ಆಕೆಯ ಅಡುಗೆಮನೆಯಲ್ಲೇ ಆಮ್ಲೆಟ್ ಮಾಡಲು ತೊಡಗುತ್ತಾನೆ. ಆ ಪಾತ್ರದಲ್ಲಿರುವ ರೋಸ್‌ಮೇರಿ ಫೋರ್ಸೈತ್ ಅವರಿಗೆ ಅಳುವುದೊಂದೇ ಕೆಲಸವಾಗಬಹುದಾಗಿದ್ದ ದೃಶ್ಯದಲ್ಲಿ, ಮೊಟ್ಟೆ ಒಡೆಯುತ್ತಿರುವ ಅಪರಿಚಿತನೊಬ್ಬನನ್ನು ನೋಡುವ ಕೆಲಸವೂ ಸೇರಿಕೊಂಡಿತು. ವಿಚಾರಣೆ ನಡೆಯುತ್ತಿದೆ ಎಂಬುದೇ ನಮಗೆ ಮರೆತುಹೋಗುತ್ತದೆ, ಬಹುಶಃ ಆಕೆಗೂ.

ಪಾತ್ರವೊಂದು ಸರಿಯಾದ ನಟನ ಮೈಗೆ ಬರಲು ಎಷ್ಟು ಕಾಲ ಬೇಕಾಗುತ್ತದೆ ಎಂಬುದಕ್ಕೂ ಕೊಲಂಬೊ ಒಳ್ಳೆಯ ನಿದರ್ಶನ. ಅದನ್ನು ಸೃಷ್ಟಿಸಿದವರು ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್. 1960ರಲ್ಲಿ ಕಿರುತೆರೆಯಲ್ಲಿ ಬರ್ಟ್ ಫ್ರೀಡ್, 1962ರಲ್ಲಿ ರಂಗದ ಮೇಲೆ ಥಾಮಸ್ ಮಿಚೆಲ್ ಆ ಪಾತ್ರವನ್ನು ಮಾಡಿದ್ದರು. ಫಾಕ್ ಅವರಿಗೆ ಅದು ದಕ್ಕಿದ್ದು 1968ರಲ್ಲಿ. ಮಾಸಿದ ಆ ಮಳೆಕೋಟು ಫಾಕ್ ತಮ್ಮ ಸ್ವಂತ ಬೀರುವಿನಿಂದ ತಂದದ್ದು. ಬಾಗಿಲವರೆಗೆ ಹೋಗಿ ಹಿಂದಿರುಗಿ "ಇನ್ನೊಂದೇ ಒಂದು ವಿಷಯ" ಎನ್ನುವ ಪ್ರಸಿದ್ಧ ಅಭ್ಯಾಸ ಮಾತ್ರ ಬರಹಗಾರರ ಸೋಮಾರಿತನದಿಂದ ಹುಟ್ಟಿತಂತೆ. ಲಿಂಕ್ ಹೇಳಿಕೊಂಡಿರುವ ಪ್ರಕಾರ, ದೃಶ್ಯ ಚಿಕ್ಕದಾಯಿತು ಎನ್ನಿಸುವ ಹೊತ್ತಿಗೆ ಕೊಲಂಬೊ ಹೊರಟುಹೋಗಿದ್ದ. ಪುಟವನ್ನೆಲ್ಲ ಮತ್ತೆ ಟೈಪ್ ಮಾಡಲು ಬೇಸರವಾಗಿ ಅವನನ್ನೇ ಬಾಗಿಲಿನಿಂದ ವಾಪಸು ಕರೆಸಿದರು. ಇದನ್ನು ಸೋಮಾರಿತನಕ್ಕೆ ಅನುಮತಿಪತ್ರವೆಂದು ನೀವು ತಿಳಿಯಬಾರದು. ಆ ಗಳಿಗೆಯಲ್ಲಿ ತಮ್ಮ ಪಾತ್ರ ಹಾಗೆ ವಾಪಸು ಬರಬಲ್ಲವನೆಂದು ಅವರಿಗೆ ಗೊತ್ತಿತ್ತು. ಅಂದಹಾಗೆ, ಲೆವಿನ್ಸನ್ ಮತ್ತು ಲಿಂಕ್ ಫಿಲಡೆಲ್ಫಿಯಾದಲ್ಲಿ ಶಾಲೆಯ ದಿನಗಳಿಂದಲೂ ಜೊತೆಯಾಗಿ ಬರೆದವರು. ಅಂಥವರ ಸರಣಿಯಲ್ಲಿ ಜೋಡಿ ಲೇಖಕರಲ್ಲೇ ಒಬ್ಬ ಇನ್ನೊಬ್ಬನನ್ನು ಕೊಲ್ಲುವ ಕಥೆಯನ್ನು ಬರೆದುಕೊಟ್ಟ ಬಾಚ್ಕೊ ಅವರ ಧೈರ್ಯವನ್ನು ಮೆಚ್ಚಬೇಕು.

ಐದನೆಯ ಪಾತ್ರವನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೇನೆ. ಕೆನ್‌ನ ರಜಾಮನೆಯ ಬಳಿ ದಿನಸಿ ಅಂಗಡಿ ಇಟ್ಟಿರುವ ಲಿಲಿ ಲಾ ಸಾಂಕಾ, ಆ ದಿನ ಕಾರಿನಲ್ಲಿ ಜಿಮ್ ಕುಳಿತಿದ್ದುದನ್ನು ಕಂಡವಳು. ಅವಳು ಹಣ ಕೇಳುತ್ತಾಳೆ, ಅದಕ್ಕಾಗಿ ಸಾಯುತ್ತಾಳೆ. ಸಾರಾಂಶದಲ್ಲಿ ಬರೆದರೆ ದುರಾಸೆಯ ಹೆಂಗಸು, ಅಷ್ಟೇ. ಆದರೆ ಬಾರ್ಬರಾ ಕೋಲ್ಬಿ ಅವರ ಅಭಿನಯದಲ್ಲಿ ಹಣಕ್ಕಿಂತ ಹೆಚ್ಚಾಗಿ ಕಾಣುವುದು, ಹೆಸರಾಂತ ಲೇಖಕನೊಬ್ಬ ತನ್ನ ಜೊತೆ ಕುಳಿತು ಷಾಂಪೇನ್ ಕುಡಿಯುತ್ತಿದ್ದಾನೆ ಎಂಬ ಸಂಭ್ರಮ. ತಾನು ಬೆದರಿಸುತ್ತಿರುವವನ ಮೆಚ್ಚುಗೆಯೂ ತನಗೆ ಬೇಕು ಎಂದು ಬಯಸುವ ಆ ಒಂಟಿ ಜೀವವನ್ನು ಅದೇ ಷಾಂಪೇನ್ ಬಾಟಲಿಯಿಂದ ಹೊಡೆದಾಗಲೇ ಕೆನ್ ಮೇಲೆ ನಮಗಿದ್ದ ಕೊನೆಯ ಒಲವೂ ಹೋಗುತ್ತದೆ. ಮುಖ್ಯ ಕೊಲೆಗಿಂತ ಈ ಕೊಲೆಯೇ ನನಗೆ ಹೆಚ್ಚು ಕಾಡಿದೆ.

ಮುಕ್ತಾಯದಲ್ಲಿ ಕೊಲಂಬೊ, ಜಿಮ್ ಬರೆದಿಟ್ಟಿದ್ದ ಟಿಪ್ಪಣಿಯೊಂದನ್ನು ಓದುತ್ತಾನೆ. ಫೋನಿನ ಆ ಉಪಾಯ ಕಾದಂಬರಿಯ ಕಚ್ಚಾವಸ್ತುವಾಗಿ ಅದರಲ್ಲಿ ಹಾಗೆಯೇ ಇದೆ. ಆಗ ಕೆನ್‌ನನ್ನು ಕೆರಳಿಸುವುದು ಸಿಕ್ಕಿಬಿದ್ದ ಭಯಕ್ಕಿಂತಲೂ ಅದು ತನ್ನ ಉಪಾಯವಾಗಿತ್ತು ಎಂಬ ಹಕ್ಕು: ತನಗೆ ಹೊಳೆದ ಒಂದೇ ಒಂದು ಒಳ್ಳೆಯ ಉಪಾಯವನ್ನು ವರ್ಷಗಳ ಹಿಂದೆ ಜಿಮ್‌ಗೆ ಹೇಳಿದ್ದೆನೆಂದೂ, ಆ ಮೂರ್ಖ ಅದನ್ನು ಬರೆದಿಡುತ್ತಾನೆಂದು ಯಾರಿಗೆ ಗೊತ್ತಿತ್ತೆಂದೂ ಅವನು ತಾನಾಗಿಯೇ ಒಪ್ಪಿಕೊಳ್ಳುತ್ತಾನೆ. ಪುರಾವೆಯಾಗಿ ಆ ಚೀಟಿ ದುರ್ಬಲವೆಂದು ಕಾನೂನು ಬಲ್ಲವರು ಹೇಳಬಹುದು, ನಾನೂ ಒಪ್ಪುತ್ತೇನೆ. ಆದರೂ ಬರೆಯಲಾರದವನೊಬ್ಬ ಲೇಖಕನೆನಿಸಿಕೊಳ್ಳುವ ಆಸೆಯಿಂದಲೇ ಸಿಕ್ಕಿಬೀಳುವುದು ಮೊದಲ ದೃಶ್ಯದ ಟೈಪ್‌ರೈಟರ್ ಸದ್ದಿಗೆ ಸರಿಯಾಗಿ ಹೊಂದುತ್ತದೆ.

ನಿಮ್ಮ ಕರಡಿನ ಆರನೆಯ ದೃಶ್ಯದಲ್ಲಿ ಬಸ್ ನಿಲ್ದಾಣದ ಎದುರು ಟೀ ಅಂಗಡಿ ಇಟ್ಟಿರುವ ಹೆಂಗಸೊಬ್ಬಳಿದ್ದಾಳೆ. ಇನ್ಸ್‌ಪೆಕ್ಟರಿಗೆ ಕಾರಿನ ನಂಬರು ಹೇಳಿ ಅವಳು ಮಾಯವಾಗುತ್ತಾಳೆ. ಆ ನಂಬರನ್ನು ಅವಳು ಏಕೆ ನೆನಪಿಟ್ಟುಕೊಂಡಳು, ಪೊಲೀಸರಿಗೆ ಹೇಳುವ ಮುನ್ನ ಯಾರಿಗೆ ಹೇಳಬೇಕೆಂದುಕೊಂಡಿದ್ದಳು ಎಂಬುದನ್ನು ಯೋಚಿಸಿ, ಆ ಒಂದು ದೃಶ್ಯವನ್ನು ಮಾತ್ರ ಹೊಸದಾಗಿ ಬರೆದು ಕಳುಹಿಸಿ. ಹೇಳುವಾಗ ಅವಳ ಕೈಯಲ್ಲಿ ಟೀ ಸೋಸುವ ಬಟ್ಟೆ ಇರಲಿ.

ಇಂತಿ ನಿಮ್ಮ ವಿಶ್ವಾಸಿ